ಮೂವತ್ತು ಸಿನಿಮಾ, ಒಂದು ಹಲ್ಲಿನ ಸೆಟ್ಟು

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕೈ ತೊಳೆಯುವ ಬೇಸಿನ್ನು ದಾಟಿ ಒಳಗೆ ಹೋದರೆ ಹಿಂದುಗಡೆ ಒಂದು ಕೋಣೆ ಸಿಗುತ್ತದೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಮೇಣ ಕರಗಿಸುವ ಸಣ್ಣ ದೀಪ, ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಊರಿನ ಅರ್ಧ ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಅವುಗಳ ನಡುವೆ ಕೂತು ಹಲ್ಲಿನ ಸೆಟ್ಟು ಕಟ್ಟುವವನನ್ನು ಎಲ್ಲರೂ ಹಲ್ಲಿನ ಮೇಸ್ತ್ರಿ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವನು ಕಟ್ಟಿಕೊಟ್ಟ ಹಲ್ಲಿನಲ್ಲಿ ನಕ್ಕವರೆಲ್ಲ ಥ್ಯಾಂಕ್ಸ್ ಹೇಳಿದ್ದು ಮುಂದಿನ ಕೋಣೆಯ ಡಾಕ್ಟರಮ್ಮನಿಗೆ. ಹಿಂದಿನ ಕೋಣೆಯ ಬಾಗಿಲು ತಳ್ಳಿದವರು ಬಾತ್‌ರೂಮು ಹುಡುಕಿಕೊಂಡು ಬಂದವರು.

ಇದರಿಂದ ಮೇಸ್ತ್ರಿಗೆ ಬೇಜಾರಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಬೇಜಾರು ಇನ್ನೊಂದಿತ್ತು. ಅವನಿಗೆ ಸಿನಿಮಾ ಎಂದರೆ ಪ್ರಾಣ, ಸಿನಿಮಾದ ಬಗ್ಗೆ ಮಾತಾಡುವುದೆಂದರೆ ಪ್ರಾಣಕ್ಕಿಂತ ಒಂದು ತೂಕ ಹೆಚ್ಚು, ಕೇಳುವ ಕಿವಿ ಮಾತ್ರ ಒಂದೂ ಇಲ್ಲ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಕೆಲವು ದಿನ ಹೇಳಿ ನೋಡಿದ. ಪಾಪ, ಅವರಿಗೆ ಎದ್ದು ಓಡುವುದಕ್ಕೂ ಆಗುತ್ತಿರಲಿಲ್ಲ. ಒಬ್ಬಾಕೆ ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಕಥೆ ಕೇಳಿದ್ದೇ ಹೆಚ್ಚು ನೋವಾಯಿತೆಂದು ದೂರು ಕೊಟ್ಟ ಮೇಲೆ ಡಾಕ್ಟರಮ್ಮ ಅದಕ್ಕೂ ಕಲ್ಲು ಹಾಕಿದರು.

ಹೀಗಿರುವಾಗ ಊರಿನ ಚಿತ್ರಪ್ರೇಮಿಗಳ ಸಂಘ ಒಂದು ಸ್ಪರ್ಧೆ ಸಾರಿತು. ಮೂವತ್ತು ದಿನ, ದಿನಕ್ಕೊಂದರಂತೆ ಮೂವತ್ತು ಸಿನಿಮಾ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕಣ್ಣು ಮಿಟುಕಿಸದೆ ನೋಡಬೇಕು, ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಬೇಕು, ಪಕ್ಕದಲ್ಲಿ ಕೂತ ಸಾಕ್ಷಿಯ ಸಹಿ ಬೇಕು. ಗೆದ್ದವರಿಗೆ ಮೂವತ್ತು ದಿನ ಮುಗಿದ ಮೇಲಿನ ಭಾನುವಾರ ವೇದಿಕೆಯ ಮೇಲೆ, ಮೈಕಿನ ಮುಂದೆ, ಹತ್ತು ನಿಮಿಷ ಮಾತಾಡುವ ಅವಕಾಶ. ಹತ್ತು ನಿಮಿಷ! ಮೇಸ್ತ್ರಿ ನೋಟೀಸನ್ನು ಮೂರು ಸಲ ಓದಿದ. ನೂರು ಜನ ಸುಮ್ಮನೆ ಕೂತು ಅವನ ಮಾತು ಕೇಳುತ್ತಾರೆ. ನಡುವೆ ಯಾರೂ ಎದ್ದು ಸ್ಟೌ ಆರಿಸಲು ಹೋಗುವುದಿಲ್ಲ.

ಸಾಕ್ಷಿ ಯಾರು? ಹೆಂಡತಿಯನ್ನು ಕೇಳಿದ. ಆಕೆಗೆ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ.

"ಬೆಳಗ್ಗೆಯಿಂದ ಅರವತ್ತು ಜನರ ರಕ್ತ ತೆಗೆದು ಬಂದಿರ್ತೀನಿ. ಸಾಯಂಕಾಲ ಮತ್ತೆ ನಿಮ್ಮ ಹೀರೋ ಹರಿಸೋ ರಕ್ತ ನೋಡ್ಬೇಕಾ? ನನ್ನ ಕೈಲಾಗಲ್ಲ ರೀ. ಅಪ್ಪ ಇದಾನಲ್ಲ, ಅವನನ್ನ ಕೂರಿಸ್ಕೊಳ್ಳಿ. ಹಾಗೇ ಅವನ ಹಲ್ಲಿನ ವಿಷಯಾನೂ ಒಂಚೂರು ನೆನಪಿರುತ್ತೆ."

ಅಪ್ಪ ಎಂದರೆ ಮೇಸ್ತ್ರಿಯ ಮಾವ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದದ್ದು ಹೋದದ್ದನ್ನು ಮೈಕಿನಲ್ಲಿ ಕೂಗಿದವರು. ಕಣ್ಣಾರೆ ಕಾಣದ ಬಸ್ಸನ್ನು "ಬಂದಿದೆ" ಎಂದು ಒಂದು ದಿನವೂ ಹೇಳಿದವರಲ್ಲ. ಮೇಲಧಿಕಾರಿ ಒತ್ತಾಯಿಸಿದಾಗಲೂ "ಬರಲಿ, ಹೇಳ್ತೀನಿ" ಎಂದು ಮೈಕು ಆರಿಸಿದವರು. ಎರಡು ತಿಂಗಳ ಹಿಂದೆ ಉಳಿದಿದ್ದ ಆರು ಹಲ್ಲನ್ನೂ ಡಾಕ್ಟರಮ್ಮ ಕಿತ್ತಿದ್ದರು. ಹೊಸ ಸೆಟ್ಟು ಕಟ್ಟಲು ಅಳಿಯನೇ ಇರುವಾಗ ಇನ್ನೇನು ಎಂದು ಮಗಳು ಅವರನ್ನು ಮನೆಗೆ ಕರೆತಂದಿದ್ದಳು. ವಸಡು ಮಾಗಿತು, ಅಚ್ಚು ತೆಗೆದದ್ದಾಯಿತು, ಅಚ್ಚು ಹಲಗೆಯ ಮೇಲೆ "ಮಾವ" ಎಂಬ ಚೀಟಿ ಅಂಟಿಸಿಕೊಂಡು ಕೂತಿತು. ಅಚ್ಚು ಕೂತಲ್ಲೇ ಕೂತಿತ್ತು. ಊರಿಗೆಲ್ಲ ಕೇಳುತ್ತಿದ್ದ ಗಂಟಲಿನ ಮಾವ, ಮಾತೆತ್ತಿದರೆ ಗಾಳಿ ಹೋಗುತ್ತದೆಂಬ ನಾಚಿಕೆಗೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಹೂಂ, ಊಹೂಂ ಎರಡರಲ್ಲೇ ಸಂಸಾರ ಸಾಗಿಸುತ್ತಿದ್ದರು.

ತಿಂಗಳು ಶುರುವಾಯಿತು. ಸಂಜೆ ಆರಕ್ಕೆ ಮೇಸ್ತ್ರಿ ಟೀವಿಯ ಮುಂದೆ, ಪಕ್ಕದ ಬೆತ್ತದ ಕುರ್ಚಿಯಲ್ಲಿ ಕರವಸ್ತ್ರದ ಸಮೇತ ಮಾವ. ವಾರಕ್ಕೊಮ್ಮೆ ಥಿಯೇಟರು. ಮೇಸ್ತ್ರಿ ಬರೆದದ್ದನ್ನು ಓದಿದರೆ ಅವನ ರಸಿಕತೆ ಯಾವ ಬಾಗಿಲಿಂದ ಒಳಗೆ ಬಂದದ್ದೆಂದು ತಿಳಿಯುತ್ತದೆ. "ಒಂದನೇ ಸಿನಿಮಾ: ಛಾಯಾಗ್ರಹಣ ಕಣ್ಣಿಗೆ ಹಬ್ಬ. ಹೊತ್ತಿನ ಊಟಕ್ಕಿಲ್ಲದ ನಾಯಕನ ಮೇಲ್ಸಾಲಿನ ಆರು ಹಲ್ಲು ಪಿಂಗಾಣಿ." "ನಾಲ್ಕನೇ ಸಿನಿಮಾ: ಛಾಯಾಗ್ರಹಣ ಕಣ್ಣಿಗೆ ಹಬ್ಬ. ಖಳನಾಯಕನ ಎಡಗಡೆಯ ಕೋರೆಹಲ್ಲು ಕಟ್ಟಿಸಿದ್ದು, ಚೆನ್ನಾಗಿ ಕೂತಿದೆ. ಕಥೆ ಪರವಾಗಿಲ್ಲ." ಸಾವಿನ ದೃಶ್ಯದಲ್ಲಿ ಥಿಯೇಟರೇ ಬಿಕ್ಕಳಿಸುತ್ತಿದ್ದರೆ ಇವನು ಮಾವನ ಕಿವಿಯಲ್ಲಿ, "ತಾಯಿ ಪಾತ್ರದವರ ಕೆಳಗಿನ ಸೆಟ್ಟು ಸಡಿಲ ಆಗಿದೆ ಮಾವ, ಅದಕ್ಕೇ ಅಳು ಅಷ್ಟು ಸಹಜವಾಗಿ ಬರ್ತಿದೆ" ಎನ್ನುತ್ತಿದ್ದ. ಮಾವ ಹೂಂ ಎನ್ನುತ್ತಿದ್ದರು. ಮುಗಿದ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಸಹಿ ಹಾಕುತ್ತಿದ್ದರು.

ಮನೆಯೇನು ಸುಮ್ಮನಿರುತ್ತದೆಯೇ? ಆರನೇ ದಿನ ನಾಯಕ ನಾಯಕಿಗೆ ಮನಸ್ಸು ಬಿಚ್ಚುವ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು, ಯಾರದೋ ಸೆಟ್ಟು ಕೈಜಾರಿ ಎರಡು ಹೋಳಾಗಿತ್ತು. ಹನ್ನೊಂದನೇ ದಿನ ಮೇಸ್ತ್ರಿ ಮಧ್ಯಂತರದ ನಂತರ "ಕಣ್ಣಿಗೆ ಸ್ವಲ್ಪ ವಿಶ್ರಾಂತಿ" ಎಂದು ರೆಪ್ಪೆ ಮುಚ್ಚಿದವನು ಕ್ಲೈಮ್ಯಾಕ್ಸಿನ ಗುಂಡಿನ ಸದ್ದಿಗೂ ಏಳಲಿಲ್ಲ. ಹದಿನೇಳನೇ ದಿನ ನಲ್ಲಿಯಲ್ಲಿ ನೀರು ಬಂತೆಂದು ಹೆಂಡತಿ ಕೂಗಿ ಕೂಗಿ ಕೊನೆಗೆ ಟೀವಿಗೂ ಗಂಡನಿಗೂ ನಡುವೆ ಖಾಲಿ ಕೊಡ ಹಿಡಿದು ನಿಂತಳು. ಪುಸ್ತಕದಲ್ಲಿ ಮಾತ್ರ ಮೂರು ದಿನವೂ ಛಾಯಾಗ್ರಹಣ ಕಣ್ಣಿಗೆ ಹಬ್ಬವೇ. ಮಾವ ಮೂರು ದಿನವೂ ಸಹಿ ಹಾಕಿದರು. ಅಳಿಯನ ಮುಖವನ್ನು ಒಮ್ಮೆ ನೋಡಿ ಹಾಕಿದರು.

"ರೀ, ಅಪ್ಪಂಗೆ ಹಲ್ಲು ಯಾವಾಗ?" ಎಂದು ಹೆಂಡತಿ ಕೇಳಿದಾಗಲೆಲ್ಲ ಅವನ ಉತ್ತರ ಒಂದೇ: "ಅಚ್ಚು ಒಣಗ್ಬೇಕು ಕಣೇ."

"ಮೂರು ವಾರದಿಂದ ಒಣಗ್ತಿದೆ. ಗೋಡೆಗೆ ಬಳಿದ ಸಿಮೆಂಟೂ ಇಷ್ಟು ದಿನ ತಗೊಳಲ್ಲ. ಅಪ್ಪ ನುಣ್ಣಗೆ ಅರೆದ ಅನ್ನ ತಿಂದು ತಿಂದು ಅರ್ಧ ಆಗಿದಾನೆ. ಊರವರ ಬಾಯಿಗೆಲ್ಲ ಆಗುತ್ತೆ, ಮಾವನ ಬಾಯಿಗೆ ಆಗಲ್ಲ ಅಲ್ವಾ ನಿಮಗೆ?"

ಮೇಸ್ತ್ರಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಅವನ ತಲೆಯೊಳಗೆ ಆಗಲೇ ಹತ್ತು ನಿಮಿಷದ ಭಾಷಣ ಓಡುತ್ತಿತ್ತು. ಕನ್ನಡಿಯ ಮುಂದೆ ಹೇಳಿ ನೋಡಿದ್ದ, ನಲವತ್ತು ನಿಮಿಷ ಹಿಡಿದಿತ್ತು.

ಇಪ್ಪತ್ತೈದನೇ ದಿನ ಸಂಘದ ಕಾರ್ಯದರ್ಶಿ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬಂದವರು ಹಿಂದಿನ ಕೋಣೆಗೂ ಇಣುಕಿದರು. "ಮೇಸ್ತ್ರಿಗಳೇ, ಕೊನೇವರೆಗೂ ಉಳಿದಿರೋರು ನೀವು ಮತ್ತೆ ಇಸ್ತ್ರಿ ಅಂಗಡಿಯವರು, ಇಬ್ಬರೇ. ನೋಟೀಸಿನ ಹಿಂದುಗಡೆ ಓದಿದೀರಿ ತಾನೇ? ಬರೀ ಸಹಿ ಸಾಲದು. ಸಾಕ್ಷಿ ವೇದಿಕೆಗೆ ಬಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳ್ಬೇಕು."

ನೋಟೀಸಿಗೆ ಹಿಂದುಗಡೆ ಎಂಬುದೊಂದು ಇದೆಯೆಂದೇ ಮೇಸ್ತ್ರಿಗೆ ಹೊಳೆದಿರಲಿಲ್ಲ. ಕರವಸ್ತ್ರದ ಮಾವ ನೂರು ಜನರ ಮುಂದೆ ಹೇಗೆ ಬಾಯಿ ಬಿಡುತ್ತಾರೆ? ಅದುವರೆಗೆ ಒಣಗದೇ ಇದ್ದ ಅಚ್ಚು ಅದೇ ನಿಮಿಷ ಒಣಗಿತು.

ಮರುದಿನ ಮೇಣದ ಮೇಲೆ ಹಲ್ಲು ಜೋಡಿಸಿ ಮಾವನ ಬಾಯಿಗಿಟ್ಟ. ಸಾಲು ಹಿಡಿದು ನಿಲ್ಲಿಸಿದಂಥ, ಹಾಲಿನ ಬಿಳುಪಿನ, ದೊಡ್ಡ ದೊಡ್ಡ ಹಲ್ಲು. ಮಾವ ಕನ್ನಡಿ ನೋಡಿ ಹಿಂದಕ್ಕೆ ಸರಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಅಪ್ಪಾ, ಈಗ ನೀನು ಕುದುರೆ ಹತ್ಕೊಂಡು ನಾಲ್ಕು ಜನರನ್ನ ಹೊಡೆದು ಹಾಕೋದೊಂದು ಬಾಕಿ!"

ಮಾವ ಮೇಣದ ಸೆಟ್ಟು ಕೈಗೆ ತೆಗೆದುಕೊಂಡು, ಕರವಸ್ತ್ರ ಅಡ್ಡವಿಟ್ಟು, ತಿಂಗಳಲ್ಲಿ ಮೊದಲ ಬಾರಿಗೆ ಉದ್ದದ ಮಾತಾಡಿದರು. "ಇದು ಯಾರ ಬಾಯಿ ಅಳಿಯಂದ್ರೇ?"

ಮೇಸ್ತ್ರಿ ತಲೆ ತಗ್ಗಿಸಿದ. ಅದು ಇಪ್ಪತ್ಮೂರನೇ ಸಿನಿಮಾದ ನಾಯಕನ ಬಾಯಿ. ಕೈ ತಾನಾಗಿಯೇ ಜೋಡಿಸಿತ್ತು, ಕಣ್ಣಿನ ಗಮನಕ್ಕೂ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಒಬ್ಬರ ಬಾಯಿಗೆ ಇನ್ನೊಬ್ಬರ ನಗು ಇಟ್ಟವನಲ್ಲ ಅವನು. ನಾಚಿಕೆಯಾಯಿತು, ನಿಜವಾದ ನಾಚಿಕೆ. ಹೆಂಡತಿ ನಗು ನಿಲ್ಲಿಸಿ ಒಳಗಿನಿಂದ ಒಂದು ಹಳೆಯ ಫೋಟೋ ತಂದು ಅವನ ಕೈಯಲ್ಲಿಟ್ಟಳು. ಗಾಜಿನ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಮಾವ ನಗುತ್ತಿದ್ದರು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಎಳೆಯಷ್ಟು ಸಂದು, ಬಲಗಡೆಯದು ಪಕ್ಕದ ಹಲ್ಲಿನ ಮೇಲೆ ತುಸು ಏರಿ ಕೂತಿತ್ತು.

ಇಪ್ಪತ್ತೆಂಟನೇ ದಿನ ರಜೆ. ಮಧ್ಯಾಹ್ನ ಮಾವನನ್ನು ಹಿಂದಿನ ಕೋಣೆಗೆ ಕರೆದೊಯ್ದು ಕಿಟಕಿಯ ಬೆಳಕಿಗೆ ಕೂರಿಸಿದ. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೋ, ಸಿನಿಮಾ ತಪ್ಪಿಸುವಂತಿಲ್ಲವಲ್ಲ, ಫೋನಿನಲ್ಲಿ ಹಾಕಿ ಪ್ಲಾಸ್ಟರ್ ಡಬ್ಬಕ್ಕೆ ಒರಗಿಸಿಟ್ಟ. ಆಮೇಲೆ ಫೋಟೋ ನೋಡಿದ, ಮಾವನ ಬಾಯಿ ನೋಡಿದ, ಮೇಣದಿಂದ ಒಂದು ಹಲ್ಲು ಕಿತ್ತು ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ. "ಸಾಸಿವೆ ಅನ್ನಿ ಮಾವ." "ಶಾಶಿವೆ." ತೆಗೆದು ಮೇಣ ಕೆರೆದ. "ಮತ್ತೆ ಅನ್ನಿ." "ಶಾಸಿವೆ." ಮತ್ತೆ ಕೆರೆದ. ಮಾವ ಎಷ್ಟು ಸಲ ಸಾಸಿವೆ ಎಂದರೋ ಲೆಕ್ಕವಿಲ್ಲ. ಕೊನೆಗೊಮ್ಮೆ "ಸಾಸಿವೆ" ಎಂಬ ಮಾತು ಕೋಣೆಯಲ್ಲಿ ಗಾಜಿನ ಲೋಟಕ್ಕೆ ಚಮಚ ತಾಗಿದಂತೆ ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನಿನಲ್ಲಿ ಕೊನೆಯ ಹೆಸರುಗಳು ಮೇಲೇರುತ್ತಿದ್ದವು. ಮೇಸ್ತ್ರಿ ಒಂದೇ ಒಂದು ದೃಶ್ಯ ನೋಡಿರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, "ಛಾಯಾಗ್ರಹಣ ಕಣ್ಣಿಗೆ ಹಬ್ಬ" ಎಂದು ಬರೆದ. ಮಾವ ಸಹಿ ಹಾಕಿದರು.

ತಿಂಗಳು ಮುಗಿಯುವಷ್ಟರಲ್ಲಿ ಮೇಣದ ಸೆಟ್ಟು ಗಟ್ಟಿ ಸೆಟ್ಟಾಗಿ ಮಾವನ ಬಾಯಿ ಸೇರಿತು. ಭಾನುವಾರ ಬೆಳಗ್ಗೆ ಗ್ರಂಥಾಲಯದ ಮೇಲಿನ ಸಭಾಂಗಣ ತುಂಬಿತ್ತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಭಾಷಣ ಮಡಚಿಟ್ಟುಕೊಂಡು ಎರಡನೇ ಸಾಲಿನಲ್ಲಿ ಕೂತ. ಕಾರ್ಯದರ್ಶಿ ಅವನ ಪುಸ್ತಕ ಹೊಗಳಿದರು, ಛಾಯಾಗ್ರಹಣದ ಬಗೆಗಿನ ಸ್ಥಿರವಾದ ನಿಲುವನ್ನು ವಿಶೇಷವಾಗಿ ಮೆಚ್ಚಿಕೊಂಡರು. ಆಮೇಲೆ ಸಾಕ್ಷಿಯನ್ನು ಕರೆದರು.

ಮಾವ ಎದ್ದರು. ಕರವಸ್ತ್ರ ಮಡಚಿ ಮಗಳ ಕೈಗೆ ಕೊಟ್ಟರು. ಮೈಕಿನ ಕತ್ತನ್ನು ಒಂದಿಷ್ಟು ಬಗ್ಗಿಸಿ, ಬೆರಳಿನಿಂದ ಎರಡು ಸಲ ತಟ್ಟಿ, ಗಂಟಲು ಸರಿಮಾಡಿಕೊಂಡರು.

"ಪ್ರೇಕ್ಷಕರ ಗಮನಕ್ಕೆ. ಮೂವತ್ತು ಸಿನಿಮಾಗಳ ಪೈಕಿ ಒಂದರಿಂದ ಐದರವರೆಗೆ ಸರಿಯಾದ ವೇಳೆಗೆ ಹೊರಟು ಸರಿಯಾದ ವೇಳೆಗೆ ತಲುಪಿವೆ. ಆರನೇ ಸಿನಿಮಾ ಫೋನಿನ ಕಾರಣ ಮಾರ್ಗಮಧ್ಯೆ ಮೂವತ್ತೈದು ನಿಮಿಷ ನಿಂತಿತ್ತು."

ಹಿಂದಿನ ಸಾಲಿನಿಂದ ನಗು ಹೊರಟಿತು.

"ಹನ್ನೊಂದನೇ ಸಿನಿಮಾ ಮಧ್ಯಂತರದಲ್ಲಿ ಗೊರಕೆಯ ಕಾರಣ ರದ್ದಾಗಿದೆ. ಹದಿನೇಳನೇ ಸಿನಿಮಾಕ್ಕೆ ಕೊಡ ಅಡ್ಡ ಬಂದಿದೆ. ಇಪ್ಪತ್ತೆಂಟನೆಯದು..." ಮಾವ ಎರಡನೇ ಸಾಲಿನತ್ತ ನೋಡಿದರು. "ಇಪ್ಪತ್ತೆಂಟನೆಯದು ಹೊರಡಲೇ ಇಲ್ಲ. ಆವತ್ತು ಎರಡೂವರೆ ಗಂಟೆ ನಮ್ಮ ಅಳಿಯಂದ್ರು ನೋಡಿದ್ದು ನನ್ನ ಬಾಯಿಯನ್ನ. ಉಳಿದ ದಿನ ನೋಡಿದ ಯಾವ ಸಿನಿಮಾವನ್ನೂ ಅಷ್ಟು ಕಣ್ಣಿಟ್ಟು ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದಕ್ಕೆ ಸಹಿ ಹಾಕಿದೀನಿ ಸ್ವಾಮಿ. ಅವರು ನೋಡಿದ್ರು ಅನ್ನೋದಕ್ಕಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಕಾರ್ಯದರ್ಶಿ ಕೈಚೆಲ್ಲಿ, ನಿಯಮ ನಿಯಮವೇ ಎಂದರು. ಹತ್ತು ನಿಮಿಷ ಇಸ್ತ್ರಿ ಅಂಗಡಿಯವರ ಪಾಲಾಯಿತು. ಅವರು ಮೂವತ್ತು ದಿನವೂ ನೋಡಿದ್ದು ಒಂದೇ ಸಿನಿಮಾ; ಬೇರೆ ಬೇರೆ ಇರಬೇಕೆಂದು ನೋಟೀಸಿನ ಹಿಂದೆಯಾಗಲಿ ಮುಂದೆಯಾಗಲಿ ಎಲ್ಲೂ ಬರೆದಿರಲಿಲ್ಲ. ಅವರು ಇನ್ನೂ ವೇದಿಕೆ ಹತ್ತುವ ಮೊದಲೇ ಜನ "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗಿ ಮಾವನನ್ನು ತಡೆದರು. ಮಾವ ನಗುತ್ತ, ಹಳೆಯ ದಿನಗಳ ಬಸ್ಸುಗಳ ವೇಳಾಪಟ್ಟಿಯನ್ನು ನಿಂತಲ್ಲೇ ಗಡಗಡನೆ ಹೇಳತೊಡಗಿದರು.

ಮೇಸ್ತ್ರಿ ಇಂಗು ತಿಂದ ಮಂಗನಂತೆ ಕೂತಿದ್ದ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಜೇಬಿನ ಭಾಷಣ ಎದೆಗೆ ಚುಚ್ಚುತ್ತಿತ್ತು. ಆದರೆ ಕಣ್ಣು ಮಾತ್ರ ಅವನ ಮಾತು ಕೇಳದೆ ಮಾವನ ಬಾಯಿಗೆ ಅಂಟಿಕೊಂಡಿತ್ತು. ಅಷ್ಟು ದೊಡ್ಡ ದನಿಗೂ ಮೇಲಿನ ಸೆಟ್ಟು ಕದಲಲಿಲ್ಲ. ಸಕಾರಗಳೆಲ್ಲ ಒಂದೊಂದಾಗಿ ಸ್ವಚ್ಛವಾಗಿ ಬಂದವು. ನಕ್ಕಾಗ ಮುಂದಿನ ಎರಡು ಹಲ್ಲಿನ ನಡುವೆ ಒಂದು ಎಳೆಯಷ್ಟು ಸಂದು ಕಂಡಿತು.

ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು ಇವನ ಕಡೆ ಬಾಗಿದರು. "ಏನು ಗಂಟಲು ರೀ! ಹಲ್ಲು ನೋಡಿ, ಈ ವಯಸ್ಸಲ್ಲೂ ಒಂದೂ ಬಿದ್ದಿಲ್ಲ. ಹಳೇ ಕಾಲದ ಹಲ್ಲು, ನಮ್ಮ ಥರ ಅಲ್ಲ."

ಮೇಸ್ತ್ರಿ ಬಾಯಿ ತೆರೆದ. ಇಪ್ಪತ್ತೆರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಕೂಡಿಟ್ಟ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಲು ಹತ್ತು ನಿಮಿಷವೂ ಬೇಕಿರಲಿಲ್ಲ, ನಾನೇ ಕಟ್ಟಿದ್ದು ಎಂದರೆ ಸಾಕಿತ್ತು. ವೇದಿಕೆಯ ಮೇಲೆ ಮಾವ ಇನ್ನೊಂದು ಬಸ್ಸು ಹೊರಡಿಸಿದರು.

"ಹೌದು," ಎಂದ ಮೇಸ್ತ್ರಿ. "ಗಟ್ಟಿ ಇವೆ."