ಗೋವಿಂದಸ್ವಾಮಿಯ ಬಾಲವಿಲ್ಲದ ಜೋಕು

ನಮ್ಮ ಸಹನಾಗೆ ಕೆಲಸ ಸಿಕ್ಕಿತು. ಹೊಳಲೂರಿನ ಶಾಲೆಯಲ್ಲಿ ಟೀಚರ್ ಕೆಲಸ, ನಾಳೆಯಿಂದಲೇ ಬರಬೇಕಂತೆ. ಮಧ್ಯಾಹ್ನ ಸುದ್ದಿ ಬಂದಾಗಿನಿಂದ ರವೀಂದ್ರನಗರದ ನಮ್ಮ ರಸ್ತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಬಿಟ್ಟಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಹೇಳಿದರೇನು, ಮೊಮ್ಮಗಳು ನನ್ನವಳು. ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಮನೆಯವರೆಲ್ಲ ಕರಿಹಲಗೆಯ ಈ ಕಡೆ ಕೂತವರೇ. ಆ ಕಡೆ ನಿಂತವಳು ಇವಳೊಬ್ಬಳು. ಅದೂ ಸಹನಾ, ಚಿಕ್ಕಂದಿನಿಂದ ಮಾತು ತೊದಲುವ ಹುಡುಗಿ. ಓದಿನಲ್ಲಿ ಮುಂದೆ, ಬಾಯಿ ತೆರೆದರೆ ಮೊದಲ ಅಕ್ಷರವೇ ಗಂಟಲಲ್ಲಿ ಕೂತುಬಿಡುತ್ತದೆ. ಇದಕ್ಕೇ ಎರಡು ಶಾಲೆಯವರು ಅಂಕಪಟ್ಟಿ ಹೊಗಳಿ, ಮನೆಗೆ ಕಳಿಸಿದ್ದರು. ಇದೂ ಹೋದರೆ ಇನ್ನು ಎಲ್ಲಿಗೂ ಅರ್ಜಿ ಹಾಕುವುದಿಲ್ಲ ಎಂದು ಹುಡುಗಿ ನಿನ್ನೆಯೇ ಹೇಳಿದ್ದಳು.

ಈ ಸುದ್ದಿಯನ್ನು ನಾನು ಮೊದಲು ಹೇಳಬೇಕಾಗಿದ್ದದ್ದು ಗೋವಿಂದಸ್ವಾಮಿಗೆ. ಅವನಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೋವಿಂದಸ್ವಾಮಿಗೆ ನಗು ಬಂದರೆ ಮೊದಲು ಭುಜ ನಗುತ್ತಿತ್ತು. ಆಮೇಲೆ ಹೊಟ್ಟೆ, ಆಮೇಲೆ ಕಣ್ಣಲ್ಲಿ ನೀರು. ಬಾಯಿಂದ ಶಬ್ದ ಬರುವುದು ಎಲ್ಲದಕ್ಕಿಂತ ಕೊನೆಗೆ. ಭದ್ರಾವತಿಯ ಕಾರ್ಖಾನೆಯಲ್ಲಿ ಅವನು ಕ್ರೇನ್ ಆಪರೇಟರ್, ನಾನು ಕೆಳಗೆ ಹೆಲ್ಪರ್. ಅವನಪ್ಪ ಸೇಲಂ ಕಡೆಯಿಂದ ಬಂದು ನಿಂತವರು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಜೋಕು ಹೇಳುವುದೆಂದರೆ ಅವನಿಗೆ ಪ್ರಾಣ. ಆದರೆ ಒಂದನ್ನೂ ಮುಗಿಸಿದವನಲ್ಲ. ಕೊನೆ ಏನೆಂದು ಅವನಿಗೆ ಗೊತ್ತಿರುತ್ತಿತ್ತಲ್ಲ, ನಮ್ಮನ್ನು ಬಿಟ್ಟು ತಾನೊಬ್ಬನೇ ಅಲ್ಲಿಗೆ ಹೋಗಿ ನಗುತ್ತಾ ಕೂತುಬಿಡುತ್ತಿದ್ದ.

ಕ್ಯಾಂಟೀನಿನಲ್ಲಿ ಅವನು ಮತ್ತೆ ಮತ್ತೆ ಎತ್ತುತ್ತಿದ್ದ ಜೋಕು ಒಂದಿತ್ತು.

"ಒಂದು ಇಡ್ಲಿ ಸಾಂಬಾರಿಗೆ ಬಿತ್ತಪ್ಪಾ. ವಡೆ ಹಿಂದಿಂದ ದಬ್ಬಿತು ಅಂತ ಕಂಪ್ಲೇಂಟ್ ಕೊಡ್ತು. ಪೊಲೀಸು ಬಂದು ವಡೇನ ಹಿಡ್ಕೊಂಡು ಹೋದ್ರು. ಕೋರ್ಟಲ್ಲಿ ಜಡ್ಜು ಕೇಳ್ತಾರೆ, ಇದನ್ನ ಕಣ್ಣಾರೆ ಕಂಡೋರು ಯಾರಪ್ಪಾ ಅಂತ. ಆಗ..."

ಅಷ್ಟೇ. ಭುಜ ಶುರುವಾಗುತ್ತಿತ್ತು. "ಆಗ ಏನಾಯ್ತೋ, ಹೇಳಿ ಸಾಯೋ ಮಾರಾಯ" ಎಂದು ನಾವು ಬೈದಷ್ಟೂ ಅವನ ತಲೆ ಮೇಜಿನ ಮೇಲೆ. ಅಷ್ಟರಲ್ಲಿ ಸೈರನ್ ಕೂಗುತ್ತಿತ್ತು, ಎಲ್ಲರೂ ಎದ್ದು ಹೋಗುತ್ತಿದ್ದೆವು. ನಮ್ಮ ಸರ್ವೀಸು ಮುಗಿಯಿತು, ಆ ವಡೆಯ ಕೇಸು ಮುಗಿಯಲಿಲ್ಲ.

ಅವನ ಹೆಂಡತಿ ಕಾಮಾಕ್ಷಮ್ಮ ನಗುವ ಪೈಕಿ ಅಲ್ಲ. ನಾವು ಮನೆಗೆ ಹೋದಾಗ ಅವನು "ಒಂದು ಇಡ್ಲಿ" ಅನ್ನುವುದೇ ತಡ, ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದರು. "ಇವರ ಇಡ್ಲಿ ಹಳಸೋದೂ ಇಲ್ಲ, ಖರ್ಚಾಗೋದೂ ಇಲ್ಲ" ಎಂದು ಅಡುಗೆಮನೆಯಿಂದ ಕೇಳಿಸುತ್ತಿತ್ತು.

ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ, ಸ್ವಯಂ ನಿವೃತ್ತಿ ತಗೊಂಡು ಎಲ್ಲರೂ ಚೆದುರಿದೆವು. ಒಬ್ಬ ಹೊಸಪೇಟೆಗೆ, ಒಬ್ಬ ಹುಬ್ಬಳ್ಳಿಗೆ, ನಾನು ಶಿವಮೊಗ್ಗಕ್ಕೆ ಮಗನ ಮನೆಗೆ. ಆಗ ಹೊಸಪೇಟೆಯವನ ಮಗ ಇಂಟರ್‌ನೆಟ್ಟಿನಲ್ಲಿ ನಮ್ಮದೊಂದು ಗುಂಪು ಕಟ್ಟಿಕೊಟ್ಟ. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದಂತೆ. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಗೋವಿಂದನಿಗೆ ಮಾತ್ರ ಕ್ಯಾಂಟೀನು ವಾಪಸ್ ಬಂದ ಹಾಗಾಯಿತು. ಭಾನುವಾರ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು, ಹೈಸ್ಕೂಲಿನಲ್ಲಿದ್ದ ಸಹನಾಳನ್ನು ಕರೆದುಕೊಂಡು ಸೈಬರ್ ಸೆಂಟರಿಗೆ ಹೊರಡುತ್ತಿದ್ದ. ಅವನು ಹೇಳುವುದು, ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವುದು, ನಾನು ಹಿಂದೆ ನಿಂತು ನೋಡುವುದು.

ಗುಂಪಿಗೆ ಅವನದು ಒಂದೇ ಕಾನೂನು. "ಒಳ್ಳೇ ಜೋಕು ಕಳಿಸ್ದೋನು ಹೊರಗೆ. ಓದ್ದೋನು ನಗಬಾರದು, ಹಣೆ ಚಚ್ಕೋಬೇಕು."

ಒಮ್ಮೆ ಅವನು ಕೇಳಿದ: ಇಷ್ಟು ವರ್ಷ ಆದರೂ ನಮ್ಮ ಶಿವಮೊಗ್ಗ ಮೊಗ್ಗಾಗೇ ಇದೆಯಲ್ಲ, ಹೂವಾಗುವುದು ಯಾವಾಗ? ಹುಬ್ಬಳ್ಳಿಯವನು ಬರೆದ: ಹೂ ಬೇಕಾದರೆ ಇಲ್ಲಿಗೆ ಬಾ, ಬಳ್ಳಿ ನಮ್ಮೂರಲ್ಲಿದೆ. ಹೊಸಪೇಟೆಯವನು ಬರೆದ: ಓದಿ ಗೋಡೆಗೆ ಹಣೆ ಬಡಿದುಕೊಂಡೆ. ಹೆಂಡತಿ ಯಾಕೆ ಅಂದಳು. ಅವಳಿಗೂ ಹೇಳಿದೆ. ಈಗ ಗೋಡೆಗೆ ಇಬ್ಬರೂ ಸರದಿಯಲ್ಲಿದ್ದೇವೆ.

ಅವತ್ತು ಗೋವಿಂದ ನಕ್ಕ ನಗುವಿಗೆ ಕುರ್ಚಿ ಹಿಂದಕ್ಕೆ ಉರುಳಿತು. ಪಕ್ಕದಲ್ಲಿ ಒಬ್ಬರು ಮಗಳ ಪರೀಕ್ಷೆಯ ರಿಸಲ್ಟ್ ನೋಡುತ್ತಿದ್ದರು. ತಮ್ಮನ್ನೇ ನೋಡಿ ನಗುತ್ತಿದ್ದಾನೆಂದು ಅವರಿಗೆ ಸಿಟ್ಟು ಬಂತು. "ಅಜ್ಜಾರೇ, ಹೊರಗೆ ಹೋಗಿ ನಕ್ಕು ಬನ್ನಿ" ಎಂದು ಅಂಗಡಿಯವನು ಕೈಮುಗಿದ. ಗೋವಿಂದ ಹೋಗಲಿಲ್ಲ, ಅವರಿಗೂ ಮೊಗ್ಗಿನ ಕತೆ ಹೇಳಿದ. ಅವರೂ ತಮ್ಮ ಹಣೆ ಚಚ್ಚಿಕೊಂಡರು.

ಗುಂಪಿನಲ್ಲೂ ಗೋವಿಂದನ ಜೋಕು ಅರ್ಧಕ್ಕೇ ನಿಲ್ಲುತ್ತಿತ್ತು. ಹೇಳುವಾಗಲೇ ನಕ್ಕುಬಿಟ್ಟರೆ ಹುಡುಗಿ ಏನನ್ನು ಕುಟ್ಟಬೇಕು? "ಭದ್ರಾ ನದಿ ನಮ್ಮೂರಿಗೆ ಬಂದ್ಮೇಲೆ ಯಾಕೆ ನಿಧಾನ ಆಗತ್ತೆ?" ಎಂದು ಹೇಳಿ ಅವನು ಭುಜ ಕುಣಿಸುತ್ತಾ ಕೂತಾಗ ಸಹನಾ ಕಾದು ಕಾದು, ಕೊನೆಗೆ ತಾನೇ ಸೇರಿಸಿ ಕಳಿಸಿದಳು: ಕಾರ್ಖಾನೆಯ ಗೇಟಿನಲ್ಲಿ ಪಾಸು ತೋರಿಸಬೇಕಲ್ಲ. ಮರುವಾರ ಎಲ್ಲರದೂ ಒಂದೇ ಮಾತು: ಗೋವಿಂದ ಕೊನೆಗೂ ಜೋಕು ಮುಗಿಸಲು ಕಲಿತ. ಅವನು ಒಪ್ಪಿಕೊಳ್ಳಲಿಲ್ಲ. "ಹಾಗಲ್ಲ ಕಣ್ಣು" ಎಂದ, ತಮಿಳಿನವರು ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ. "ತಲೆ ನಂದು, ಬಾಲ ಸಹನಾದು ಅಂತ ಬರಿ."

ಅಲ್ಲಿಂದ ಅವರಿಬ್ಬರೂ ಜೋಡಿ. ಅವನಿಗೆ ಕೊನೆ ಬರುವುದಿಲ್ಲ, ಅವಳಿಗೆ ಮೊದಲು ಬರುವುದಿಲ್ಲ. ನಮ್ಮ ಮನೆಯಲ್ಲೂ ಎಲ್ಲರ ಎದುರಿಗೆ ಅವನು ಒಂದು ಎತ್ತುತ್ತಿದ್ದ, ಬಾಲ ಅವಳು ಬಾಯಿಬಿಟ್ಟು ಹೇಳಬೇಕು. ನಾವೆಲ್ಲ ಅವಳು ತೊದಲಿದರೆ ಸಾಕು, "ನಿಧಾನ ಪುಟ್ಟಿ" ಎಂದು ಬಾಯಿ ಹಾಕುತ್ತಿದ್ದೆವು, ಅವಳ ಮಾತನ್ನು ನಾವೇ ಮುಗಿಸುತ್ತಿದ್ದೆವು. ಗೋವಿಂದ ಹಾಗೆ ಮಾಡಿದವನೇ ಅಲ್ಲ. ಅವನಿಗೆ ನಗುವುದರಲ್ಲಿ ಪುರುಸೊತ್ತೆಲ್ಲಿ? ಅವನು ನಕ್ಕು ಮುಗಿಸುವಷ್ಟರಲ್ಲಿ ಅವಳು ಎಡವಿ, ಎದ್ದು, ಹೇಳಿ ಮುಗಿಸಿರುತ್ತಿದ್ದಳು. ಯಾರೋ ತನಗಾಗಿ ಕಾಯುತ್ತಿದ್ದಾರೆ ಎಂಬ ಭಯವೇ ಅಲ್ಲಿರಲಿಲ್ಲ.

ಕೊನೆಯ ಸಲ ನಾನು ಅವನನ್ನು ಕಂಡಿದ್ದು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ. ಭದ್ರಾವತಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ. ಸಹನಾ ಕೆಳಗಿಂದ ಕೇಳಿದಳು, "ಇ-ಇಡ್ಲಿದು ಬಾಲ ಹೇಳಿ ತಾತ."

"ಅದರ ಬಾಲ ನಂದಲ್ಲ ಕಣ್ಣು. ಕೇಳ್ಕೊಂಡು ಬರ್ತೀನಿ" ಎಂದ. ಭುಜ ಶುರುವಾಯಿತು, ಬಸ್ಸೂ ಹೊರಟಿತು. ಕಿಟಕಿಯ ಸರಳು ಹಿಡಿದು ನಗುತ್ತಲೇ ಹೋದ. ಆ ವಾರವೇ ಎದೆನೋವು ಬಂತು.

ಇವತ್ತಿನ ಮಾತಿಗೆ ಬರುತ್ತೇನೆ. ಹೆಡ್‌ಮಾಸ್ಟರು ಒಂದು ಪಾಠ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದು ಹಿಂದಿನ ಬೆಂಚಿನಲ್ಲಿ ಕೂತರಂತೆ. ಸಹನಾ ನಿಂತಳು. ಮೊದಲ ಮಾತು ಹೊರಡಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಠದ ಪುಸ್ತಕ ಮುಚ್ಚಿ ಅವಳು ಹೇಳಿದಳಂತೆ, "ಒ-ಒ-ಒಂದು ಇಡ್ಲಿ ಸಾಂಬಾರಿಗೆ ಬಿತ್ತು." ಎಡವುತ್ತಲೇ ವಡೆಯನ್ನು ಕೋರ್ಟಿನವರೆಗೆ ತಂದಳು. "ಆಗ ಏನಾಗಿರಬಹುದು, ನೀವು ಹೇಳಿ" ಎಂದಳು. ಕ್ಲಾಸೆಲ್ಲ ಕೈ ಎತ್ತಿತು. ಚಮಚ ಸಾಕ್ಷಿ ಹೇಳಿತು ಎಂದು ಒಬ್ಬ, ಸೌಟು ಓಡಿಹೋಯಿತು ಎಂದು ಇನ್ನೊಬ್ಬಳು. ಆ ಗಲಾಟೆಯಲ್ಲೇ ಪುಸ್ತಕ ತೆರೆದು, ಕತೆಯ ಪಾಠವನ್ನೂ ಮುಗಿಸಿದಳು. ಗಂಟೆ ಹೊಡೆದಾಗ ಹಿಂದಿನ ಬೆಂಚಿನಿಂದ ಹೆಡ್‌ಮಾಸ್ಟರು ಕೈ ಎತ್ತಿದರು.

"ಟೀಚರ್, ಕೋರ್ಟಲ್ಲಿ ಕೊನೆಗೆ ಏನಾಯ್ತು?"

"ನಾ-ನಾಳೆ ಹೇಳ್ತೀನಿ ಸಾರ್."

"ಹಾಗಾದ್ರೆ ನಾಳೆಯಿಂದ ಬಂದ್ಬಿಡಿ."

ನಾನು ಭದ್ರಾವತಿಗೆ ಫೋನ್ ಮಾಡಿದೆ. ಕಾಮಾಕ್ಷಮ್ಮ ಸಂಜೆಯ ಬಸ್ಸಿಗೇ ಬಂದರು, ಡಬ್ಬಿಯಲ್ಲಿ ವಡೆಯ ಹಿಟ್ಟು ರುಬ್ಬಿ ತಂದಿದ್ದರು. ಸೊಸೆ ಪಾಯಸ ಮಾಡಿದಳು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಆದರೆ ಸಹನಾಳ ಕೈ ತಟ್ಟೆಗೆ ಹೋಗಲೊಲ್ಲದು.

"ನಾಳೆ ಮ-ಮಕ್ಕಳಿಗೆ ಏನು ಹೇಳ್ಲಿ ಅಜ್ಜ? ಬಾಲ ಯಾರಿಗೂ ಗೊತ್ತಿಲ್ಲ."

ಕಾಮಾಕ್ಷಮ್ಮ ಚಟ್ನಿ ಬಡಿಸುತ್ತಿದ್ದರು. ಸೌಟು ಎತ್ತಿದ ಹಾಗೇ ನಿಂತರು. ಮುಖದಲ್ಲಿ ನಗುವಿಲ್ಲ.

"ಆಗ ಚಟ್ನಿ ಎದ್ದು ನಿಂತು, ನಾನು ನೋಡಿದೀನಿ ಸ್ವಾಮಿ ಅಂತು. ಆದ್ರೆ ಜಡ್ಜಿಗೆ ಹಸಿವಾಗಿತ್ತು. ಆರೋಪೀನ ಸಾಕ್ಷೀಲಿ ಅದ್ಕೊಂಡು ತಿಂದ್ಬಿಟ್ರು."

ಮೊದಲು ನಕ್ಕವಳು ಸಹನಾ. ಆಮೇಲೆ ಯಾರು ಮೊದಲು, ಯಾರು ಕೊನೆ ಎಂದು ಹೇಳಲಾರೆ. ಮಗನಿಗೆ ನೆತ್ತಿಗೇರಿತು, ಸೊಸೆ ತಲೆ ತಟ್ಟಿದಳು.

"ನಿಮಗೆ ಗೊತ್ತಿತ್ತಾ ಕಾಮಾಕ್ಷಮ್ಮ? ಇಷ್ಟು ವರ್ಷ ಹೇಳಲಿಲ್ಲವಲ್ಲ?" ಎಂದೆ ನಾನು.

"ಯಾರು ಕೇಳಿದ್ರು ಬಸಪ್ಪಣ್ಣ ನನ್ನ? ಮದುವೆ ಆದ ಹೊಸದ್ರಲ್ಲಿ ಅವರಿಗೆ ಹೇಳಿದ್ದೇ ನಾನು. ಅವತ್ತು ಶುರು ಮಾಡಿದ ನಗು ಅವರು ನಿಲ್ಲಿಸ್ಲೇ ಇಲ್ಲ. ಎಲ್ಲರ ಮುಂದೆ ಅದನ್ನೇ ಎತ್ತೋರು, ನನಗೆ ನಾಚಿಕೆ ಆಗಿ ಒಳಗೆ ಹೋಗ್ಬಿಡ್ತಿದ್ದೆ."

ಆಕೆಯ ಭುಜ ಸಣ್ಣಗೆ ಅಲುಗಿತು. ಸಹನಾ ಅವರ ಕೈಯಿಂದ ಚಟ್ನಿಯ ಪಾತ್ರೆ ಇಸಿದುಕೊಂಡು, ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಅವರ ತಟ್ಟೆಗೆ ವಡೆ ಹಾಕಿದಳು.

"ತಿನ್ನಿ ಎಲ್ಲಾ" ಎಂದರು ಕಾಮಾಕ್ಷಮ್ಮ, ಕಣ್ಣು ಒರೆಸಿಕೊಂಡು. "ಆರೋಪಿ ಆರಿಹೋಗ್ತಾನೆ."

ಎಲ್ಲರೂ ಅದ್ದಿಕೊಂಡು ತಿಂದೆವು.