ಹೊಸಿಲಾಚೆಯ ಎಡೆ

ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಆರೂವರೆಗೆ ಬರವಣಿಗೆ ತಪ್ಪಿಲ್ಲ. ಹಾಗೆ ಬರೆದದ್ದೇ ನಮ್ಮ ವಂಶಾವಳಿ. ಹಳೆಯ ಪಹಣಿ, ಕ್ರಯಪತ್ರಗಳನ್ನು ಹುಡುಕಿ ಆರು ತಲೆಮಾರು ಜೋಡಿಸಿದೆ. ಎಲ್ಲದರಲ್ಲೂ 'ಅತ್ತಿಯವರು' ಎಂಬ ಮನೆತನದ ಹೆಸರಿತ್ತು. ಅದೇ ನಮ್ಮ ಬೆಡಗು, ಅಂದರೆ ಗೋತ್ರದ ಹಾಗೆ ತಂದೆಯಿಂದ ಬರುವ ಕುಲದ ಹೆಸರು, ಎಂದು ಬರೆದು, ಮೂವತ್ತು ಝೆರಾಕ್ಸ್ ಪ್ರತಿ ಮಾಡಿಸಿ ಮಧುಗಿರಿ, ಶಿರಾ, ಕೊರಟಗೆರೆಯ ನೆಂಟರಿಗೆ ಹಂಚಿದೆ.

ಆ ಪುಸ್ತಕವೇ ಮಗನ ಮಗಳ ಮದುವೆಗೆ ಅಡ್ಡ ಬಂತು. ಶಿರಾದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವಳು ಮೆಚ್ಚಿದ ಹುಡುಗ ಪಾವಗಡದವನು, ನಮ್ಮ ಜನವೇ. ಮಾತುಕತೆಯ ದಿನ ಹುಡುಗನ ತಾತ ಪುಸ್ತಕ ತಿರುವಿ ಮುಚ್ಚಿದರು.

"ಇದೇಮಿ ಮೇಷ್ಟ್ರೇ, ನಾವೂ ಅತ್ತಿಯೋರೇ. ಅತ್ತಿ ಮರ ನಮ್ಮ ಕುಲದ್ದು, ಅದರ ಸೌದೆ ಒಲೆಗಿಕ್ಕಲ್ಲ. ಒಂದೇ ಬೆಡಗು ಅಂದ್ರೆ ಅಣ್ಣತಮ್ಮಂದಿರು. ಅಣ್ಣ ತಂಗೀಗೆ ಮದ್ವೆ ಮಾಡ್ತೀರಾ?"

ಮೊಮ್ಮಗಳು ಅಳಲಿಲ್ಲ. "ತಾತ, ನೀವಿಬ್ರೂ ಎಂಜಲು ಕೊಡಿ. ಡಿಎನ್ಎ ಪರೀಕ್ಷೆ ಮಾಡಿಸೋಣ. ಗಂಡಸರ ಸಾಲು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತೆ. ಒಂದೇ ಮೂಲ ಅಂತ ಬಂದ್ರೆ ನಾನೇ ಬೇಡ ಅಂತೀನಿ" ಎಂದಳು.

ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು. ನಾನು ಗಡಿಯಾರ ನೋಡಿ ಕೊಳವೆಗೆ ಉಗಿದೆ. ಎಲೆ ಅಡಿಕೆ ಬಿಟ್ಟು ಕೂರಲು ಹುಡುಗನ ತಾತನಿಗೆ ಬಲು ಕಷ್ಟವಾಯಿತು.

ತಿಂಗಳ ಮೇಲೆ ಫಲಿತಾಂಶ ಬಂತು. ಎರಡು ಸಾಲಿಗೂ ಹತ್ತಿರದ ಸಂಬಂಧವಿಲ್ಲ. ಮೊಮ್ಮಗಳು ಕುಣಿದಳು. ನಾನು ಕುಸಿದೆ. ಹೆಸರು ಒಂದು, ರಕ್ತ ಬೇರೆ ಎಂದರೆ ನಾವು ಯಾರ ಮಕ್ಕಳು? ಪಾವಗಡದವರು ಪಟ್ಟು ಸಡಿಲಿಸಲಿಲ್ಲ. "ಕಾಗ್ದ ಏನಾದ್ರೂ ಅನ್ಲಿ, ಪೇರು ಒಂದೇ ಅಲ್ವಾ?"

ಗೊರವನಹಳ್ಳಿಯ ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೊರಟ ಜನರ ನಡುವೆ ನಿಂತುಕೊಂಡೇ ಸೋದರತ್ತೆಯ ಮನೆಗೆ ಹೋದೆ. ತೊಂಬತ್ತು ದಾಟಿದ ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಎಲ್ಲ ಕೇಳಿದರು.

"ಲೇ, ಮಾರ್ಲಮೀಲಿ ಹೊಸಿಲಾಚೆ ಒಂದು ಎಡೆ ಇಕ್ತೀವಲ್ಲ, ಅದ್ಯಾರಿಗ್ಲಾ?"

ಮಾರ್ಲಮಿ ಹಬ್ಬದಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುವಾಗ, ನಮ್ಮ ಮನೆಯಲ್ಲಿ ಹೊರಗೊಂದು ಎಡೆ ಹೆಚ್ಚಿಗೆ ಇಡುವುದುಂಟು. ಪುಸ್ತಕದಲ್ಲಿ 'ಕಾರಣ ತಿಳಿಯದು' ಎಂದು ಬರೆದಿದ್ದೆ.

"ನಮ್ಮಜ್ಜ ಬುಕ್ಕಾಪಟ್ಟಣದ ಕಡೆಯಿಂದ ಮನೆ ಅಳಿಯನಾಗಿ ಬಂದೋನು. ಅತ್ತಿಯೋರಿಗೆ ಗಂಡ್ಮಕ್ಕಳಿರ್ಲಿಲ್ಲ. ಹೊಲ ಕೊಟ್ರು, ಮನೆ ಕೊಟ್ರು, ಹೆಸ್ರೂ ಕೊಟ್ರು. ಬೆಡಗು ಕೊಡಕಾಯ್ತದೇನ್ಲಾ? ಅದು ಹುಟ್ಟಿದ ಮನೇದು. ನಾವು ಬೇವಿನೋರು ಕಣ್ಲಾ. ಆ ಎಡೆ ಅಜ್ಜನ ಕಡೆಯೋರ್ದು."

ಎದೆಯ ಮೇಲಿನ ಕಲ್ಲು ಇಳಿಯಿತು. "ಪುಸ್ತಕ ಬರೆದಾಗ ಯಾಕೆ ಹೇಳ್ಲಿಲ್ಲ ಅತ್ತೆ?"

"ಕೇಳಿದ್ಯೇನ್ಲಾ? ಬಂದೆ, ಪುಸ್ತಕ ಕೊಟ್ಟೆ, ಗಡಿಯಾರ ನೋಡ್ದೆ, ಹೊಂಟೋದೆ."

ಅಲ್ಲಿಂದಲೇ ಪಾವಗಡಕ್ಕೆ ಫೋನು ಮಾಡಿ ಅತ್ತೆಯ ಕಿವಿಗಿಟ್ಟೆ. ಅವರು ಇನ್ನೊಮ್ಮೆ ಎಲ್ಲ ಹೇಳಿದರು. ಆ ಕಡೆ ಹುಡುಗನ ತಾತ ನಕ್ಕರು.

"ಅಂಗಂದ್ರೆ ಕಾಗ್ದ ಸುಳ್ಳಾಡಿಲ್ಲ. ಮನೆ ಅಳಿಯನ ಬೆಡಗು ಬದಲಾಗಲ್ಲ, ಬೀಗರಾಗೋಣ. ಈ ಅವ್ವನ್ನ ಮೊದ್ಲೇ ಕೇಳಿದ್ರೆ ನಾನ್ಯಾಕೆ ಎಲೆ ಅಡಿಕೆ ಬಿಟ್ಟು ಉಗೀಬೇಕಿತ್ತು ಮೇಷ್ಟ್ರೇ?"

ಹೊರಡುವಾಗ ಕೇಳಿದೆ, "ಹಾಗಾದ್ರೆ ಇನ್ಮೇಲೆ ನಾವು ಅತ್ತಿ ಸೌದೆ ಉರಿಸಬಹುದಾ ಅತ್ತೆ?"

"ಉರಿಸ್ಕೋ. ಗ್ಯಾಸ್ ಒಲೆಗೆ ಇಕ್ಕೋ ಹೋಗು."

ಲಗ್ನಪತ್ರಿಕೆ ಹಂಚಲು ಹೋದಲ್ಲೆಲ್ಲ ಕೆಂಪು ಪೆನ್ನು ಜೇಬಿನಲ್ಲಿತ್ತು. ಮೊದಲು ಪುಸ್ತಕ ತರಿಸಿಕೊಂಡು ಬೆಡಗನ್ನು 'ಬೇವಿನವರು' ಎಂದು ತಿದ್ದಿ, 'ಕಾರಣ ತಿಳಿಯದು' ಎಂಬುದನ್ನು ಹೊಡೆದು ಹಾಕುತ್ತಿದ್ದೆ. ಆಮೇಲೆ, ಆ ಮನೆಯ ಹಿರಿಯ ಹೆಂಗಸು ಯಾರೆಂದು ವಿಚಾರಿಸಿ, ಕೈಗಡಿಯಾರ ಬಿಚ್ಚಿಟ್ಟು ಅವರ ಹತ್ತಿರ ಕೂರುತ್ತಿದ್ದೆ.