ನಮ್ಮ ಯಜಮಾನರು ಬಂದವರನ್ನು ಮಾತಾಡಿಸಿದ ದಿನ

ಕರ್ತನಲ್ಲಿ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಅವಸರದಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದು ಸಂತೋಷದ ತಪ್ಪು ಎಂದುಕೊಳ್ಳಿ.

ಈ ಸಲದ ಈಸ್ಟರಿಗೆ ಮುಂಚಿನ ಶ್ರಮೆಯ ದಿನಗಳಲ್ಲಿ, ಡ್ಯೂಸೆಲ್ಡಾರ್ಫಿನ ನಮ್ಮ ಮನೆಯಲ್ಲಿ, ಯಜಮಾನರಾದ ದೇವದಾಸರು ಗಡ್ಡ ಹೆರೆದುಕೊಳ್ಳುತ್ತಲೇ ಕುಸಿದು ಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಬಲಗಾಲು ಸೋತವು, ಮಾತು ಪೂರ್ತಿ ಹೋಯಿತು. ಹುಬ್ಬಳ್ಳಿಯಿಂದ ಹೊರಟು, ಘಾನಾ ದೇಶದ ಅಸಾಂಟೆ ಜನರ ನಡುವೆ ಹದಿನೆಂಟು ವರ್ಷ ಸುವಾರ್ತೆ ಸಾರಿದ ಬಾಯಿ ಅದು! ಮಲೇರಿಯಾದಲ್ಲಿ ನಡುಗುವಾಗಲೂ, ಕುಮಾಸಿಯ ದಾರಿಯಲ್ಲಿ ವ್ಯಾನು ಕೆಟ್ಟು ನಿಂತಾಗಲೂ ಸುಮ್ಮನಿದ್ದದ್ದಲ್ಲ. ಜರ್ಮನಿಯಲ್ಲಿ ನೆಲೆಸಿದ ಅಸಾಂಟೆಯವರ ಸಭೆಯೊಂದನ್ನು ನೋಡಿಕೊಳ್ಳಲೆಂದೇ ಮಿಷನ್‌ನವರು ನಮ್ಮನ್ನು ಇಲ್ಲಿಗೆ ಕರೆಸಿದ್ದರು. ಈಗ ಬೋಧಕರಿಗೇ ಬಾಯಿಲ್ಲ.

ಅವರನ್ನು ರೇಹಾಗೆ, ಅಂದರೆ ಚೇತರಿಕೆಯ ಆಸ್ಪತ್ರೆಗೆ ಸೇರಿಸಿದರು. ಮಾತು ಕಲಿಸುವ ಹುಡುಗಿ ದಿನವೂ ಸೇಬಿನ ಚಿತ್ರ ತೋರಿಸುವಳು. ಅವರು ಸೇಬನ್ನು ನೋಡುವರು, ನನ್ನನ್ನು ನೋಡುವರು, ಕಣ್ಣೀರು ಇಳಿಯುವುದು. ವಾರಗಳು ಹೀಗೇ ಕಳೆದವು. ಕೊನೆಗೆ ಡಾಕ್ಟರು, ಈ ಶುಕ್ರವಾರದೊಳಗೆ ಒಂದು ಮಾತಾದರೂ ಹೊರಡದಿದ್ದರೆ ವಿಮೆಯವರು ಚಿಕಿತ್ಸೆ ಮುಂದುವರಿಸಲು ಒಪ್ಪಲಿಕ್ಕಿಲ್ಲ, ಅವರನ್ನು ಫ್ಲೇಗೆಹೈಮ್‌ಗೆ ಸೇರಿಸುವ ಯೋಚನೆ ಮಾಡಿ ಎಂದರು. ಅದು ಇನ್ನು ಮನೆಗೆ ಮರಳುವ ಭರವಸೆಯಿಲ್ಲದವರನ್ನು ನೋಡಿಕೊಳ್ಳುವ ಜಾಗ.

ರೇಗನ್ಸ್‌ಬರ್ಗಿನಲ್ಲಿ ಎಂಜಿನಿಯರ್ ಆಗಿರುವ ಮಗಳು ಲಿಡಿಯಾ ಫೋನಿನಲ್ಲಿ ಅತ್ತಳು. “ಮಮ್ಮಿ, ರಿಯಲಿಸ್ಟಿಶ್ ಇರಬೇಕು. ಪಪ್ಪಾ ಇನ್ನ ಮಾತಾಡೂದಿಲ್ಲ ಅನಸ್ತದ.”

“ಸುಮ್ನಿರs! ದೇವರು ಇನ್ನೂ ಬಾಗಲಾ ಹಾಕಿಲ್ಲ,” ಎಂದು ಗದರಿದೆ. ಫೋನ್ ಇಟ್ಟ ಮೇಲೆ ನನ್ನ ಎದೆಯೇ ಒಡೆಯಿತು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಹಣೆಯಿಟ್ಟು ಬೇಡಿಕೊಂಡೆ: “ಕರ್ತನೇ, ಪ್ರಸಂಗ ಬ್ಯಾಡ. ಒಂದs ಒಂದು ಮಾತು ಕೊಡು.”

ಗುರುವಾರ ಮಧ್ಯಾಹ್ನ ಸಭೆಯ ಹಿರಿಯಳು ಅಕೊಸುವಾ ಅಮ್ಮ ಇನ್ನಿಬ್ಬರು ಹಿರಿಯರೊಂದಿಗೆ ಆಸ್ಪತ್ರೆಗೆ ಬಂದಳು. ಕೈಕುಲುಕಿದರು, ಕುಳಿತರು. ಪ್ಲಾಸ್ಟಿಕ್ ಲೋಟದಲ್ಲಿ ನೀರು ಕೊಟ್ಟೆ, ಕುಡಿದರು. ಆಮೇಲೆ ಮೂವರೂ ಗಪ್ಪು! ಪ್ರಾರ್ಥನೆಗೆ ಬಂದವರು ಪ್ರಾರ್ಥನೆ ಮಾಡಬಾರದೇ ಎಂದು ನನಗೆ ಒಳಗೊಳಗೇ ಸಿಟ್ಟು.

ಆಗ ಹೊಳೆಯಿತು. ಅಸಾಂಟೆ ಮನೆಗಳಲ್ಲಿ ಬಂದವರಿಗೆ ನೀರು ಕೊಟ್ಟ ಮೇಲೆ ಮನೆಯ ಯಜಮಾನ ಮೊದಲು ‘ಇಲ್ಲಿ ಎಲ್ಲ ಸಮಾಧಾನ’ ಎಂದು ಹೇಳಿ, ‘ನೀವು ಬಂದ ಸಮಾಚಾರವೇನು’ ಎಂದು ಕೇಳಬೇಕು. ಅಲ್ಲಿಯತನಕ ಬಂದವರು ವಿಷಯ ಎತ್ತುವುದಿಲ್ಲ. ನಮ್ಮ ಮೊದಲ ವರ್ಷ, ಶಾಲೆಗೆ ಜಾಗ ಕೇಳಲು ಊರ ಹಿರಿಯರ ಮನೆಗೆ ಹೋಗಿದ್ದೆವು. ನೀರು ಬರುವ ಮೊದಲೇ ನಮ್ಮ ಯಜಮಾನರು ಜಾಗದ ಮಾತು ತೆಗೆದರು. ಹಿರಿಯರು ಸೂರು ನೋಡುತ್ತ ಕುಳಿತರೇ ಹೊರತು ತುಟಿ ಬಿಚ್ಚಲಿಲ್ಲ. ಆ ಜಾಗ ಸಿಗಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ಅಂದಿನಿಂದ ಇವರು ಆ ಉಪಚಾರ ತಪ್ಪಿಸಿದವರಲ್ಲ, ಇಲ್ಲಿ ಪಾರ್ಸೆಲ್ ತರುವವನನ್ನೂ ಬಿಟ್ಟವರಲ್ಲ.

“ಯಜಮಾನರ ಬದಲು ನಾನs ಕೇಳತೀನಿ ಅಮ್ಮಾ,” ಎಂದು ಅವರ ಭಾಷೆಯಲ್ಲೇ ಬಾಯಿ ತೆಗೆದೆ.

ಅಕೊಸುವಾ ಅಮ್ಮ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. “ಯಜಮಾನರು ಎದುರಿಗೇ ಇದ್ದಾರಲ್ಲ, ಮಗಳೇ. ನಾವು ಕಾಯುತ್ತೇವೆ.”

ಕಾದರು. ಇವರು ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಹಣೆ ಬೆವರಿತು. ತಮ್ಮ ಬಳಿ ಬಂದವರನ್ನು ಮಾತಾಡಿಸದೆ ಕೂರಿಸಿದ ಸಂಕಟ ಆ ಮುಖದಲ್ಲಿ ಕಾಣುತ್ತಿತ್ತು. ನನಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ.

“ಎಹಾ… ದೆಯೆ… ಬೊಕೋ.”

ಯಾರ ದನಿ ಅದು! ತಲೆಯೆತ್ತಿದೆ. ಇವರ ತುಟಿ ಇನ್ನೂ ಅಲುಗುತ್ತಿತ್ತು. “ಅಮಾನೆ?”

ಇಲ್ಲಿ ಎಲ್ಲ ಸಮಾಧಾನ, ನೀವು ಬಂದ ಸಮಾಚಾರವೇನು! ಅರ್ಧ ದೇಹ ಸತ್ತು ಮಲಗಿದ ಮನುಷ್ಯ ಎಲ್ಲ ಸಮಾಧಾನ ಎನ್ನುತ್ತಿದ್ದಾರೆ! ನಾನು ಕಿರುಚಿದ ರಭಸಕ್ಕೆ ಮಾತು ಕಲಿಸುವ ಹುಡುಗಿ ಓಡಿ ಬಂದಳು. ಏನಾಯಿತು, ಏನೆಂದರು ಎಂದು ಜರ್ಮನ್‌ನಲ್ಲಿ ಕೇಳಿದಳು. “ಎಲ್ಲಾ ಸಮಾಧಾನ ಅಂದ್ರವಾ!” ಎಂದು ಅವಳಿಗೆ ಕನ್ನಡದಲ್ಲೇ ಹೇಳಿ ತಬ್ಬಿಕೊಂಡೆ. ಹೆಂಡತಿಗೆ ಒಂದು ಮಾತಿಲ್ಲ, ಬಂದವರಿಗೆ ಪೂರ್ತಿ ಉಪಚಾರ! ಇರಲಿ, ನಾನು ಯಾವ ತಕರಾರೂ ಮಾಡಲಿಲ್ಲ.

ಅಕೊಸುವಾ ಅಮ್ಮ ಮಾತ್ರ ಪದ್ಧತಿ ಬಿಡಲಿಲ್ಲ. ನೆಟ್ಟಗೆ ಕುಳಿತು ಉತ್ತರ ಕೊಟ್ಟಳು: “ಕೆಟ್ಟ ಸುದ್ದಿಯೇನಿಲ್ಲ, ಅಪ್ಪಾ. ನಿಮಗೆ ಮಾತು ಕೊಡು ಎಂದು ದೇವರನ್ನು ಬೇಡಲು ಬಂದಿದ್ದೆವು. ಬಂದ ಕೆಲಸ ಆಯಿತು.” ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ತಡೆಯದೆ, ಎಲ್ಲರೂ ನಕ್ಕು ನಕ್ಕು ಅತ್ತೆವು.

ಶುಕ್ರವಾರ ಡಾಕ್ಟರು ತಾವೇ ಮಾತಾಡಿಸಿ ನೋಡಿ, ಚಿಕಿತ್ಸೆ ಮುಂದುವರಿಸಲು ಬರೆದುಕೊಟ್ಟರು. ಸೇಬಿನ ಚಿತ್ರ ಪಕ್ಕಕ್ಕಿಟ್ಟು ನಮಸ್ಕಾರ, ಉಪಚಾರದ ಮಾತುಗಳಿಂದಲೇ ಪಾಠ ಶುರುವಾಯಿತು. ಕನ್ನಡವೂ ತಡವರಿಸುತ್ತ ಬರುತ್ತಿದೆ. ನಾವು ಅಸಾಂಟೆ ಜನರಿಗೆ ಕಲಿಸಲು ಹೋದವರು ಎಂದುಕೊಂಡಿದ್ದೆ. ಅವರು ನಮಗೆ ಕಲಿಸಿದ್ದನ್ನೇ ಹಿಡಿದು ಕರ್ತನು ನನ್ನ ಗಂಡನ ಬಾಯಿ ತೆರೆದನು. ಆತನಿಗೆ ಸ್ತೋತ್ರ, ಸಾವಿರ ಸಲ ಸ್ತೋತ್ರ! ಆತನು ಕೇಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಇನ್ನು ಎಳ್ಳಷ್ಟೂ ಅನುಮಾನವಿಲ್ಲ.

ಹೋದ ಭಾನುವಾರ ಇವರು ಕೋಲು ಹಿಡಿದು ಸಭೆಯ ಮುಂದೆ ನಿಂತು “ಆಮೆನ್” ಎಂದರು. ಅಷ್ಟೇ ಪ್ರಸಂಗ. ಹದಿನೆಂಟು ವರ್ಷ ಇವರು ಮಾಡಿದ ಯಾವ ಉದ್ದನೆಯ ಪ್ರಸಂಗಕ್ಕೂ ಜನ ಹಾಗೆ ಎದ್ದು ಕುಣಿದಿರಲಿಲ್ಲ.